‘ಪುಟ್’ ಎಂಬ ಮೂರಕ್ಷರದ ಉಪದ್ರ

ಇಂಥದ್ದೆಲ್ಲ ನನಗೇ ಯಾಕೆ ಆಗುವುದು ಎಂದು ದೇವರಲ್ಲಿ ಕೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಮೀನು ಮಾರುವವರ ಕೈಯಿಂದ ವಾಸನೆ ಹೋಗುವುದಿಲ್ಲ, ಇಂಗ್ಲಿಷ್ ಕಲಿಸುವವರ ತಲೆಯಿಂದ ಉಪದ್ರ ಹೋಗುವುದಿಲ್ಲ. ಒಂದು ಮುಗಿಯಿತು ಎನ್ನುವಾಗ ಇನ್ನೊಂದು ಮೆಟ್ಟಿಲು ಹತ್ತಿ ಬರುತ್ತದೆ.

ಮೆಟ್ಟಿಲು ಎಂದರೆ ಕಂಕನಾಡಿಯಲ್ಲಿ ಒಂದು ಬಟ್ಟೆ ಅಂಗಡಿಯ ಪಕ್ಕದ ಮೆಟ್ಟಿಲು. ಅದನ್ನು ಹತ್ತಿದರೆ ಮಾಳಿಗೆಯಲ್ಲಿ ನನ್ನ ಸ್ಪೋಕನ್ ಇಂಗ್ಲಿಷ್ ಕ್ಲಾಸು. ಗಲ್ಫಿಗೆ ಹೊರಟವರು, ನರ್ಸಿಂಗ್ ಮುಗಿಸಿದವರು, ಅಂಗಡಿ ಇಟ್ಟವರು, ಮದುವೆಯಾಗಿ ಮುಂಬಯಿಗೆ ಹೋಗಲಿಕ್ಕಿರುವವರು ಎಲ್ಲ ಬರುತ್ತಾರೆ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಪೇಟೆಯಲ್ಲಿ ಕನ್ನಡ, ಟಿವಿಯಲ್ಲಿ ಹಿಂದಿ ಎಂದು ನಾಲ್ಕೈದು ಭಾಷೆಗಳನ್ನು ನೀರು ಕುಡಿದ ಹಾಗೆ ಮಾತಾಡುವ ಬುದ್ಧಿವಂತರು. ಟೆನ್ಸ್ ಕಲಿಯುತ್ತಾರೆ, ಸ್ಪೆಲ್ಲಿಂಗ್ ಕಲಿಯುತ್ತಾರೆ. ‘ಪುಟ್’ ಬಂದಲ್ಲಿಗೆ ಗಾಡಿ ನಿಲ್ಲುತ್ತದೆ.

ಪುಟ್ ಎಂದರೆ ಇಡು, ಹಾಕು. ಅಷ್ಟೇ ಆಗಿದ್ದರೆ ನಾನು ಸುಖವಾಗಿ ಸಾಯುತ್ತಿದ್ದೆ. ಆದರೆ ಇಂಗ್ಲಿಷಿನವರು ಅದಕ್ಕೆ ಆಫ್, ಆನ್, ಅಪ್, ಡೌನ್ ಎಂದು ಒಂದೊಂದು ಬಾಲ ಕಟ್ಟಿ ಬಿಟ್ಟಿದ್ದಾರೆ. ಬಾಲ ಬದಲಾದರೆ ಪ್ರಾಣಿಯೇ ಬದಲು. ಇದಕ್ಕೆ ಫ್ರೇಸಲ್ ವರ್ಬ್ ಎಂದು ಹೆಸರು. ಒಮ್ಮೆ ಇದನ್ನು ಕನ್ನಡದಲ್ಲೇ ತಿಳಿಸಿ ನೋಡುವ ಎಂದು ಕ್ಲಾಸಿನಲ್ಲಿ ಕೇಳಿದೆ: “ನಮ್ಮಲ್ಲೂ ಉಂಟಲ್ಲ, ‘ಕೊಂದು ಹಾಕು’ ಅಂತ ಹೇಳ್ತೇವಲ್ಲ. ಅಲ್ಲಿ ನಿಜವಾಗಿ ಏನನ್ನಾದ್ರೂ ಹಾಕ್ಲಿಕ್ಕುಂಟಾ?”

ಹಿಂದಿನ ಬೆಂಚಿನವನೊಬ್ಬ ತುಂಬಾ ಯೋಚನೆ ಮಾಡಿ ಹೇಳಿದ: “ಕೊಂದ ಮೇಲೆ ಎಲ್ಲಿಯಾದ್ರೂ ಹಾಕ್ಲೇಬೇಕಲ್ಲ ಟೀಚರ್. ಮನೆಯಲ್ಲಿ ಇಟ್ಕೊಳ್ಲಿಕ್ಕೆ ಆಗ್ತದಾ?”

ನಾನು ಬೋರ್ಡು ಒರೆಸಿದೆ.

ಬಿಸಾಡುವ ಹುಡುಗಿ

ಕೆಳಗಿನ ಬಟ್ಟೆ ಅಂಗಡಿಯ ಯಜಮಾನರು ಬ್ಯಾರಿ ಸಮುದಾಯದ ಹಿರಿಯರು. ಎಲ್ಲರೂ ಹಾಜಿಯವರು ಎನ್ನುತ್ತಾರೆ. ವ್ಯಾಪಾರದಲ್ಲಿ ಅವರನ್ನು ಸೋಲಿಸಿದವರಿಲ್ಲ, ಸೀರೆಯ ಸೆರಗು ಮುಟ್ಟಿದರೆ ಸಾಕು ಯಾವ ಊರಿನ ಮಗ್ಗ ಎಂದು ಹೇಳುತ್ತಾರೆ. ಹೆದರುವುದು ಇಂಗ್ಲಿಷಿನಲ್ಲಿ ಬರುವ ಫೋನಿಗೆ ಮಾತ್ರ.

ಹಬ್ಬ ಹತ್ತಿರ ಬಂದಿತ್ತು. ಮುಂಬಯಿಯ ಕಂಪನಿಯಿಂದ ಬರಬೇಕಾದ ಮಾಲು ಬಂದಿರಲಿಲ್ಲ. ಅಂಗಡಿಗೆ ಬಂದ ಹೆಂಗಸರು ಖಾಲಿ ಕಪಾಟು ನೋಡಿ ಎದುರಿನ ಅಂಗಡಿಗೆ ಹೋಗುತ್ತಿದ್ದರು. ಹಾಜಿಯವರು ಆ ಕಂಪನಿಗೆ ಫೋನು ಮಾಡುವುದು, ಎರಡು ಮಾತು ಕೇಳುವುದು, ಬೆಚ್ಚಿಬಿದ್ದು ಕಟ್ ಮಾಡುವುದು. ಹೀಗೆ ಬೆಳಗ್ಗಿನಿಂದ ನಡೆದಿತ್ತು. ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದರು. ಮುಖ ಕೆಂಪಾಗಿತ್ತು.

“ಟೀಚರೇ, ನಾನು ಯಾರಿಗಾದ್ರೂ ಮೋಸ ಮಾಡಿದ್ದುಂಟಾ?”

“ಇಲ್ಲ ಹಾಜಿಯವರೇ. ಎಂತ ಆಯ್ತು?”

“ಆ ಕಂಪನಿಯಲ್ಲಿ ಒಂದು ಹುಡುಗಿ ಫೋನ್ ತೆಗೀತಾಳೆ. ಮೊದಲು ‘ಗಟ್ಟಿ ಹಿಡ್ಕೊಳ್ಳಿ’ ಅಂತಾಳೆ. ಮತ್ತೆ ‘ಬಿಸಾಡ್ತೇನೆ’ ಅಂತಾಳೆ. ಅದೂ ಪ್ಲೀಸ್ ಹೇಳಿ! ನನ್ನ ಮೊಮ್ಮಗಳ ಪ್ರಾಯ ಇರಬಹುದು ಅವಳಿಗೆ.”

ನನಗೆ ತಲೆಬುಡ ಗೊತ್ತಾಗಲಿಲ್ಲ. ನಾನೇ ಫೋನು ಹಚ್ಚಿದೆ. ಆ ಕಡೆಯಿಂದ ಬೆಣ್ಣೆಯಂಥ ಸ್ವರ: “ಪ್ಲೀಸ್ ಹೋಲ್ಡ್ ಆನ್, ಐ ವಿಲ್ ಪುಟ್ ಯೂ ಥ್ರೂ.”

ಸ್ವಲ್ಪ ಕಾಯಿರಿ, ಬೇಕಾದವರಿಗೆ ಲೈನು ಕೊಡುತ್ತೇನೆ ಎಂದಷ್ಟೇ ಅದರ ಅರ್ಥ. ‘ಥ್ರೂ’ ಹಾಜಿಯವರ ಕಿವಿಗೆ ‘ಥ್ರೋ’ ಆಗಿ ಬಿದ್ದಿತ್ತು. ಥ್ರೋಬಾಲ್ ಗೊತ್ತಿಲ್ಲದವರು ಯಾರು? ನಾನು ಬಿಡಿಸಿ ಹೇಳಿದೆ. ಹಾಜಿಯವರು ಸಮಾಧಾನದಿಂದ ಫೋನು ತೆಗೆದುಕೊಂಡು ಕಿವಿಗೆ ಇಟ್ಟರು. ಲೈನು ಕೂಡಿಸುವ ತನಕ ಆ ಕಡೆಯಿಂದ ಸಣ್ಣಗೆ ವಾದ್ಯದ ಟ್ಯೂನು ಬರುತ್ತಿತ್ತು. ಹಾಜಿಯವರು ಸ್ವಲ್ಪ ಹೊತ್ತು ಕೇಳಿದರು. ಮತ್ತೆ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಹತ್ತಿರ ಮೆಲ್ಲಗೆ ಹೇಳಿದರು:

“ನೋಡಿ ಟೀಚರೇ, ಬಿಸಾಡಿ ಆಯ್ತು. ಈಗ ಬ್ಯಾಂಡ್ ಬಾರಿಸ್ತಾ ಇದ್ದಾರೆ.”

ಎರಡೆರಡು ಕರೆಂಟು

ದೇರೆಬೈಲಿನಲ್ಲಿ ನಮ್ಮ ಪಕ್ಕದ ಮನೆಯವರು ಸರ್ವಿಸ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಕೆಲಸ ಬಿಟ್ಟು ವರ್ಷಗಳಾದರೂ ಯಾರಾದರೂ ಮನೆಯಿಂದ ಹೊರಟರೆ ಅವರ ಬಾಯಿಯಿಂದ ಬಸ್ಸು ಬಿಡಿಸುವಾಗಿನ “ರೈಟ್, ಪೋಯಿ” ಎಂದೇ ಬರುವುದು, ಅಂದರೆ ತುಳುವಿನಲ್ಲಿ ‘ಹೋಗುವ’ ಎಂದು. ಅವರ ಒಬ್ಬಳೇ ಮಗಳಿಗೆ ಸಂಬಂಧ ಕೂಡಿ ಬಂತು. ಹುಡುಗನ ಕಡೆಯವರು ಮುಂಬಯಿಯಲ್ಲೇ ಹುಟ್ಟಿ ಬೆಳೆದ ತುಳುವರು. ಮಾತು ತುಳುವಿನಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ. ನಿಶ್ಚಿತಾರ್ಥಕ್ಕೆ ಇಲ್ಲೇ ಒಂದು ಹಾಲ್ ನೋಡಿದರು. ಆ ಹಾಲ್ ಗೊತ್ತು ಮಾಡಿದ್ದೂ ಹುಡುಗನ ಕಡೆಯವರೇ.

ನಿಶ್ಚಿತಾರ್ಥದ ಮುಂಚಿನ ದಿನ ಕಂಡಕ್ಟರಣ್ಣನ ಮೊಬೈಲಿಗೆ ಹುಡುಗನ ತಂದೆಯಿಂದ ಮೆಸೇಜು ಬಂತು: “ಎಂಗೇಜ್‌ಮೆಂಟ್ ಪುಟ್ ಆಫ್. ವೆರಿ ಸಾರಿ.”

ಹುಡುಗನ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ್ದರು, ಕಾರ್ಯಕ್ರಮ ಮುಂದೆ ಹೋಯಿತು ಎಂಬುದು ಅದರ ತಾತ್ಪರ್ಯ. ಗಾಬರಿಯಲ್ಲಿ ಅಷ್ಟೇ ಬರೆದಿದ್ದರು. ನಾನು ಪಕ್ಕದ ಮನೆಯಲ್ಲೇ ಇದ್ದೇನೆ, ಒಂದು ಶಬ್ದ ಕೇಳಬಹುದಿತ್ತು. ಆದರೆ ಪುಟ್ ಆಫ್ ಎಂದರೆ ಎಂತ ಎಂದು ಕಂಡಕ್ಟರಿಗೆ ಗೊತ್ತಿಲ್ಲವಾ? ಬಸ್ಸು ಡಿಪೋಗೆ ಬಂದಾಗಲೆಲ್ಲ ಡ್ರೈವರನಿಗೆ “ಲೈಟ್ ಪುಟ್ ಆಫ್ ಮಾಡು ಮಾರಾಯ” ಎಂದು ಬೊಬ್ಬೆ ಹೊಡೆದವರು. ಹಾಲಿನಲ್ಲಿ ನಾಳೆ ಕರೆಂಟಿಲ್ಲ, ಹಾಲ್ ಗೊತ್ತು ಮಾಡಿದವರು ನಾವು ಎಂದು ಪಾಪ ಸಾರಿ ಕೇಳ್ತಿದ್ದಾರೆ ಎಂದು ತಿಳಿದುಕೊಂಡರು. ಅವರೂ ಬೀಗರಿಗೆ ಸಮನಾಗಿ ಇಂಗ್ಲಿಷಿನಲ್ಲೇ ಉತ್ತರ ಹಾಕಿದರು: “ನೋ ಪ್ರಾಬ್ಲೆಮ್. ವೀ ವಿಲ್ ಮ್ಯಾನೇಜ್.”

ಮತ್ತೆ ಹೋಗಿ ಒಂದು ಜನರೇಟರ್ ಗೊತ್ತು ಮಾಡಿದರು. ಸಣ್ಣದಲ್ಲ, ಲಾರಿಯ ಮೇಲೆ ಬರುವಂಥದ್ದು.

ಮಾರನೆಯ ದಿನ ನಾವೆಲ್ಲ ಹೋದೆವು. ಹಾಲ್ ಝಗಝಗ ಎನ್ನುತ್ತಿತ್ತು. ಹೊರಗೆ ಜನರೇಟರ್ ಗುಡುಗುತ್ತಿತ್ತು. ಹುಡುಗಿ ಸೀರೆ ಉಟ್ಟು, ಮಲ್ಲಿಗೆ ಮುಡಿದು ಕೂತಿದ್ದಾಳೆ. ಅಡುಗೆಯವರು ಕೋರಿ ರೊಟ್ಟಿಯ ಕೋಳಿ ಸಾರು ಕುದಿಸಿ ಮುಗಿಸಿದ್ದಾರೆ. ಮುಹೂರ್ತ ಹತ್ತಿರವಾಯಿತು. ಹುಡುಗನ ಕಡೆಯ ಕುರ್ಚಿಗಳೆಲ್ಲ ಖಾಲಿ.

“ರೈಲು ಲೇಟ್ ಇರಬೇಕು” ಎಂದರು ಒಬ್ಬರು. ಕಂಡಕ್ಟರಣ್ಣ ಫೋನು ಮಾಡಿದರು. ನಾನು ಪಕ್ಕದಲ್ಲೇ ಇದ್ದೆ.

“ನೀವು ಎಲ್ಲಿಗೆ ಮುಟ್ಟಿದ್ರಿ?”

“ನಾವಾ? ನಾವು ಮುಂಬಯಿಯಲ್ಲಿ. ಆಸ್ಪತ್ರೆಯಲ್ಲಿ ಇದ್ದೇವೆ. ನೀವು ಎಲ್ಲಿದ್ದೀರಿ?”

“ಹಾಲಿನಲ್ಲಿ.”

ಆ ಕಡೆಯವರು ಮತ್ತೆ ಮೆಲ್ಲಗೆ ಕೇಳಿದರು: “ಹಾಲಿನಲ್ಲಿ ಎಂತ ಮಾಡ್ತಿದ್ದೀರಿ?”

ಕಂಡಕ್ಟರಣ್ಣ ಫೋನು ನನ್ನ ಕೈಗೆ ಕೊಟ್ಟು ಅಲ್ಲೇ ಕುರ್ಚಿಯಲ್ಲಿ ಕುಸಿದರು. ಅವರ ಹೆಂಡತಿ ಅಳಲು ಸುರುಮಾಡಿದರು. ಸಂಬಂಧ ಮುರಿದೇ ಹೋಯಿತು ಎಂದು ಹಿಂದಿನ ಸಾಲಿನಲ್ಲಿ ಗುಸುಗುಸು. ನಾನು ಒಬ್ಬೊಬ್ಬರ ಹತ್ತಿರ ಹೋಗಿ, ಮುರಿದಿಲ್ಲ, ಮುಂದೆ ಹೋಗಿದೆ ಅಷ್ಟೆ, ಪುಟ್ ಆಫ್ ಎಂದರೆ ಮುಂದೂಡುವುದು ಎಂದು ಪಾಠ ಮಾಡುತ್ತ ಹಾಲಿಗೆ ಸುತ್ತು ಬಂದೆ. ಜೀವನದಲ್ಲಿ ಅಷ್ಟು ದೊಡ್ಡ ಕ್ಲಾಸು ನನಗೆ ಸಿಕ್ಕಿದ್ದಿಲ್ಲ. ಯಾರೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಹುಡುಗಿಯೇ ಎದ್ದು, “ಅಪ್ಪ, ನನಗೆ ಹಸಿವಾಗ್ತದೆ. ಮೊದಲು ಊಟ ಮಾಡುವ” ಎಂದಳು. ಎಲ್ಲರೂ ಉಂಡೆವು. ಹುಡುಗನಿಲ್ಲದ ನಿಶ್ಚಿತಾರ್ಥದ ಊಟ ನಾನು ಉಂಡದ್ದು ಅದೊಂದೇ. ರುಚಿಯಾಗಿತ್ತು.

ಅಜ್ಜಿ ಗುಣವಾದ ಮೇಲೆ ಅದೇ ಹಾಲಿನಲ್ಲಿ ನಿಶ್ಚಿತಾರ್ಥ ನಡೆಯಿತು. ಹುಡುಗನ ತಂದೆ ಮೈಕು ಹಿಡಿದು, “ಕಾರ್ಯಕ್ರಮ ಮುಂದೆ ಹೋಯ್ತು ಅಂದಾಗ ಬೇರೆಯವರಾದ್ರೆ ಜಗಳಕ್ಕೆ ಬರ್ತಿದ್ರು. ನಮ್ಮ ಬೀಗರು ‘ನೋ ಪ್ರಾಬ್ಲೆಮ್, ವೀ ವಿಲ್ ಮ್ಯಾನೇಜ್’ ಅಂದ್ರು. ಇಂಥ ದೊಡ್ಡ ಮನಸ್ಸು ಎಲ್ಲಿ ಸಿಗ್ತದೆ?” ಎಂದು ಕಣ್ಣು ಒರೆಸಿಕೊಂಡರು. ಕಂಡಕ್ಟರಣ್ಣ ವಿನಯದಿಂದ ಕೈ ಮುಗಿದರು. ಹೊರಗೆ ಎಂತದೋ ಗುಡುಗುತ್ತಿತ್ತು. ಹೋಗಿ ನೋಡಿದರೆ ಅದೇ ಜನರೇಟರ್.

“ಇದು ಇವತ್ತು ಎಂತಕ್ಕೆ?” ಎಂದು ಕೇಳಿದೆ.

“ಇರ್ಲಿ ಟೀಚರಕ್ಕ” ಎಂದರು. “ಕರೆಂಟನ್ನಾದ್ರೂ ನಂಬಬಹುದು, ಇಂಗ್ಲಿಷನ್ನು ನಂಬ್ಲಿಕ್ಕಾಗುದಿಲ್ಲ.”

ಮನೆಯಲ್ಲೇ ಇರುವುದು

ಊರಿಗೆಲ್ಲ ಇಂಗ್ಲಿಷ್ ಕಲಿಸುವವಳ ಗಂಡನ ಕತೆ ಹೇಳದಿದ್ದರೆ ಪಕ್ಷಪಾತವಾಗುತ್ತದೆ. ಇವರು ಬಹಳ ವರ್ಷ ಗಲ್ಫಿನಲ್ಲಿ ಇದ್ದು ಬಂದವರು. ಅರಬಿ, ಮಲಯಾಳ, ಹಿಂದಿ, ಇಂಗ್ಲಿಷ್ ಎಲ್ಲ ಸೇರಿಸಿ ಒಂದು ಕುರ್ಮಾ ಮಾಡಿಕೊಂಡಿದ್ದಾರೆ. ನಾನು ತಿದ್ದಲು ಹೋದರೆ, “ಇದೇ ಇಂಗ್ಲಿಷಿನಲ್ಲಿ ಸಂಬಳ ತಂದದ್ದು ಮಾರಾಯ್ತಿ” ಎನ್ನುತ್ತಾರೆ.

ಊರಿಗೆ ಬಂದ ಮೇಲೆ ತೂಕ ಏರಿತು. ಮಂಡಿನೋವು ಎಂದು ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಇವರನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: “ಯೂ ಹ್ಯಾವ್ ಪುಟ್ ಆನ್ ಎ ಲಾಟ್.” ತುಂಬಾ ದಪ್ಪ ಆಗಿದ್ದೀರಿ ಎಂದು.

ಇವರು ಅಂಗಿಯ ಕಾಲರ್ ಎತ್ತಿ ತೋರಿಸಿದರು. “ನೋ ಡಾಕ್ಟರ್. ಓನ್ಲಿ ಒನ್ ಶರ್ಟ್, ಒನ್ ಬನಿಯನ್.”

ಡಾಕ್ಟರು ತಾಳ್ಮೆಯಿಂದ, “ಐ ಮೀನ್, ಲಾಸ್ಟ್ ಟೈಮ್‌ಗಿಂತ” ಎಂದರು.

“ಲಾಸ್ಟ್ ಟೈಮ್ ಆಲ್ಸೋ ಸೇಮ್ ಶರ್ಟ್.”

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. “ನೀವು ಎಂತ ಕೆಲಸ ಮಾಡ್ತೀರಿ ಅಮ್ಮ?”

“ಕೆಲಸ ಎಂತ ಇಲ್ಲ ಡಾಕ್ಟ್ರೇ” ಎಂದೆ. “ಮನೆಯಲ್ಲೇ ಇರುದು.”

ಕೂಳೂರಿನ ಚಿಕ್ಕಮ್ಮ

ನರ್ಸಿಂಗ್ ಮುಗಿಸಿದ ಹುಡುಗಿಯೊಬ್ಬಳು ನನ್ನ ಕ್ಲಾಸಿಗೆ ಬರುತ್ತಿದ್ದಳು. ಕೈ ಚುರುಕು, ಮನಸ್ಸು ಮೃದು. ವಿದೇಶದ ಆಸ್ಪತ್ರೆಗೆ ಹೋಗಬೇಕೆಂದು ಬಹಳ ಆಸೆ. ಎರಡು ಸಲ ಇಂಟರ್‌ವ್ಯೂನಲ್ಲಿ ಬಿದ್ದಿದ್ದಳು. ಇಂಗ್ಲಿಷ್ ಕೇಳಿದ ಕೂಡಲೇ ಕಿವಿ ಮುಚ್ಚಿಹೋಗುತ್ತಿತ್ತು. ಮೂರನೆಯದೂ ಹೋದರೆ ಇನ್ನು ಆಸೆ ಬಿಡುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಕಾಲೇಜಿಗೆ ಸೇರಿದಂದಿನಿಂದ ಅವಳು ಇದ್ದದ್ದು ಕೂಳೂರಿನಲ್ಲಿ, ಸೇತುವೆಯ ಹತ್ತಿರ, ತನ್ನ ಚಿಕ್ಕಮ್ಮನ ಮನೆಯಲ್ಲಿ. ಇಂಟರ್‌ವ್ಯೂ ಕಂಪ್ಯೂಟರಿನಲ್ಲಿ ವಿಡಿಯೋ ಮೂಲಕ.

“ಟೀಚರ್, ನೀವು ಕ್ಯಾಮೆರಾಕ್ಕೆ ಕಾಣದ ಹಾಗೆ ಮೂಲೆಯಲ್ಲಿ ಕೂತ್ಕೊಳ್ಳಿ. ನಿಮ್ಮನ್ನು ನೋಡಿದ್ರೆ ನನಗೆ ಧೈರ್ಯ” ಎಂದಳು. ಹೋದೆ. ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಅಡುಗೆ ಮನೆಯಲ್ಲಿ ಚಿಕ್ಕಮ್ಮ ಬಂಗುಡೆ ಮೀನು ಕಾಯಿಸುತ್ತಿದ್ದರು.

ಪರದೆಯ ಮೇಲೆ ಒಬ್ಬ ದೊರೆ, ಒಬ್ಬಳು ದೊರೆಸಾನಿ ಕಂಡರು. ಹೆಸರು, ಓದು ಎಲ್ಲ ಸರಿಯಾಗಿ ಹೋಯಿತು. ಆಮೇಲೆ ದೊರೆ ಕೇಳಿದ: “ಹೌ ಡು ಯೂ ಪುಟ್ ಅಪ್ ವಿತ್ ಡಿಫಿಕಲ್ಟ್ ಪೀಪಲ್?” ಕಿರಿಕಿರಿ ಮಾಡುವ ಜನರನ್ನು ಹೇಗೆ ಸಹಿಸಿಕೊಳ್ಳುತ್ತೀ ಎಂದು.

ನಮ್ಮಲ್ಲಿ ‘ಪುಟ್ ಅಪ್’ ಎಂದರೆ ಒಂದೇ ಅರ್ಥ, ವಾಸ ಎಲ್ಲಿ ಎಂಬುದು. ಹುಡುಗಿಯ ಮುಖ ಅರಳಿತು. ಸುಲಭದ ಪ್ರಶ್ನೆ!

“ಸರ್, ಐ ಆಮ್ ಪುಟಿಂಗ್ ಅಪ್ ವಿತ್ ಮೈ ಆಂಟಿ.”

ಅಂದರೆ, ಸ್ವಾಮಿ, ನಾನು ನನ್ನ ಚಿಕ್ಕಮ್ಮನನ್ನು ಸಹಿಸಿಕೊಂಡು ಬರ್ತಾ ಇದ್ದೇನೆ. ನಾನು ಮೂಲೆಯಲ್ಲಿ ಕಣ್ಣು ಮುಚ್ಚಿದೆ.

ದೊರೆ ಮುಂದಕ್ಕೆ ಬಾಗಿದ. “ಓಹ್. ಎಷ್ಟು ಸಮಯದಿಂದ?” ಎಂದು ಇಂಗ್ಲಿಷಿನಲ್ಲಿ ಕೇಳಿದ.

“ಸಿನ್ಸ್ ಕಾಲೇಜ್, ಸರ್. ಡೈಲಿ ಪುಟಿಂಗ್ ಅಪ್. ಸಂಡೇ ಆಲ್ಸೋ.”

“ಆಕೆ ನಿನಗೆ ಎಂತ ಮಾಡುತ್ತಾಳೆ?” ಎಂದು ದೊರೆಸಾನಿ ಬಹಳ ಮೆತ್ತಗೆ ವಿಚಾರಿಸಿದಳು.

“ಫಿಶ್, ಮೇಡಂ. ಮಾರ್ನಿಂಗ್ ಫಿಶ್, ಆಫ್ಟರ್‌ನೂನ್ ಫಿಶ್, ನೈಟ್ ಫಿಶ್. ಐ ಸೇ ಎನಫ್, ಶೀ ವಿಲ್ ನಾಟ್ ಸ್ಟಾಪ್.”

“ನಿನಗೆ ಕೋಪ ಬರುವುದಿಲ್ಲವೆ?”

“ನೆವರ್, ಮೇಡಂ. ಶೀ ಈಸ್ ಲೈಕ್ ಮೈ ಮದರ್. ಫುಲ್ ಲೈಫ್ ಐ ಕ್ಯಾನ್ ಪುಟ್ ಅಪ್ ವಿತ್ ಹರ್.”

ದೊರೆಸಾನಿಯ ಕಣ್ಣು ತೇವವಾಯಿತು. ಅಷ್ಟರಲ್ಲಿ ತನ್ನ ಸುದ್ದಿ ನಡೆಯುತ್ತಿದೆ ಎಂದು ಗೊತ್ತಾಗಿ ಚಿಕ್ಕಮ್ಮ ಕೈಯಲ್ಲಿ ಸಟ್ಟುಗ ಹಿಡಿದುಕೊಂಡೇ ಬಂದು ಕ್ಯಾಮೆರಾಕ್ಕೆ ಮುಖ ಕೊಟ್ಟು ನಕ್ಕರು. ಆ ಇಬ್ಬರೂ ಕುರ್ಚಿಯಲ್ಲಿ ಹಿಂದಕ್ಕೆ ಸರಿದರು.

ಕೆಲಸ ಸಿಕ್ಕಿತು. ತಾಳ್ಮೆಯಲ್ಲಿ ಇವಳನ್ನು ಮೀರಿಸುವವರಿಲ್ಲ ಎಂದು ಆಸ್ಪತ್ರೆಯವರು ವಿಶೇಷವಾಗಿ ಹೊಗಳಿದ್ದರು. ಕೆಲಸ ಸಿಕ್ಕಿದ ಹುಡುಗಿಗೆ ನಿಜ ಹೇಳಿ ಸಂತೋಷ ಕೆಡಿಸುವುದು ಯಾಕೆ ಎಂದು ನಾನು ಸುಮ್ಮನಿದ್ದೆ. ಅವಳು ವಿಮಾನ ಹತ್ತುವ ವಾರ ಚಿಕ್ಕಮ್ಮ ಸ್ವೀಟ್ ಬಾಕ್ಸ್ ಹಿಡಿದುಕೊಂಡು ನನ್ನ ಕ್ಲಾಸಿಗೇ ಬಂದರು.

“ಅವಳು ಓದಿದ್ದು ಎಲ್ಲ ಒಂದು ಲೆಕ್ಕಕ್ಕೆ ಟೀಚರ್” ಎಂದರು ಹೆಮ್ಮೆಯಿಂದ. “ಕೆಲಸ ಸಿಕ್ಕಿದ್ದು ನನ್ನಿಂದ.”

ಎಷ್ಟೋ ವರ್ಷದ ಮೇಲೆ ಒಬ್ಬರು ಇಂಗ್ಲಿಷಿನ ವಿಷಯದಲ್ಲಿ ನೂರಕ್ಕೆ ನೂರು ಸರಿ ಹೇಳಿದ್ದರು.

ಕೆಳಗೆ ಇಡುವುದು

ಕಂಡಕ್ಟರಣ್ಣನಿಗೆ ಒಂದು ನಾಯಿ ಇತ್ತು. ಬಸ್‌ಸ್ಟ್ಯಾಂಡಿನಿಂದ ಮರಿಯಾಗಿದ್ದಾಗ ಎತ್ತಿಕೊಂಡು ಬಂದದ್ದು. ಮಗಳು ಮದುವೆಯಾಗಿ ಹೋದ ಮೇಲೆ ಅವರ ಮಾತುಕತೆ ಎಲ್ಲ ಅದರ ಜೊತೆಗೇ. ನಾಯಿಗೆ ವಯಸ್ಸಾಗಿತ್ತು. ಒಂದು ಮಳೆಗಾಲದಲ್ಲಿ ಅನ್ನ ಬಿಟ್ಟಿತು, ಏಳಲೂ ಆಗದೆ ಮಲಗಿತು. ಅವರೂ ಊಟ ಬಿಟ್ಟರು.

ಹತ್ತಿರದಲ್ಲಿ ಪ್ರಾಣಿಗಳ ಹೊಸ ಕ್ಲಿನಿಕ್ ಸುರುವಾಗಿತ್ತು. ಡಾಕ್ಟರು ಉತ್ತರದ ಕಡೆಯ ಹುಡುಗಿ, ನಮ್ಮ ಕಡೆಯ ಭಾಷೆ ಯಾವುದೂ ಬಾರದು. ನನ್ನನ್ನೂ ಕರೆದುಕೊಂಡು ಹೋದರು. ಜೋರು ಮಳೆ. ನಾನು ಆಟೋದವನಿಗೆ ಚಿಲ್ಲರೆ ಕೊಟ್ಟು, ಕೊಡೆ ಮಡಚಿ ಒಳಗೆ ಬರುವುದರೊಳಗೆ ಕಂಡಕ್ಟರಣ್ಣ ನಾಯಿಯನ್ನು ಎತ್ತಿಕೊಂಡು ಡಾಕ್ಟರರ ಎದುರು ನಿಂತಾಗಿತ್ತು, ಪರೀಕ್ಷೆಯೂ ಮುಗಿದಿತ್ತು. ಬಾಗಿಲಲ್ಲಿ ನಿಂತ ನನಗೆ ಡಾಕ್ಟರರ ಮಾತು ಕೇಳಿಸಿತು. ತುಂಬಾ ಬೇಸರದ ಸ್ವರ.

“ಐ ಆಮ್ ಸೋ ಸಾರಿ, ಅಂಕಲ್. ವೀ ಶುಡ್ ಪುಟ್ ಹಿಮ್ ಡೌನ್.”

ಆ ಮಾತಿನ ಅರ್ಥ ಗೊತ್ತಿದ್ದ ನಾನು ಬಾಗಿಲಲ್ಲೇ ನಿಂತೆ. ಕಂಡಕ್ಟರಣ್ಣ ಮಾತ್ರ, “ಥ್ಯಾಂಕ್ ಯೂ ಮೇಡಂ, ಕೈ ನೋಯ್ತಿತ್ತು” ಎಂದು ನಾಯಿಯನ್ನು ಮೆಲ್ಲ ನೆಲದ ಮೇಲೆ ಇಟ್ಟರು.

ಡಾಕ್ಟರರ ಕಣ್ಣಲ್ಲಿ ನೀರು. “ಯೂ ಕ್ಯಾನ್ ಸೇ ಗುಡ್‌ಬೈ.”

“ಗುಡ್‌ಬೈ ಮೇಡಂ” ಎಂದು ಕೈ ಮುಗಿದು ಕಂಡಕ್ಟರಣ್ಣ ಬಾಗಿಲ ಕಡೆ ಹೊರಟೇಬಿಟ್ಟರು. ಅಭ್ಯಾಸದಂತೆ ನಾಯಿಯ ಕಡೆ ತಿರುಗಿ ಹೇಳಿದರು: “ರೈಟ್, ಪೋಯಿ.”

ನಾಯಿ ಎದ್ದಿತು! ನಡುಗುವ ಕಾಲಿನಲ್ಲಿ ಅವರ ಹಿಂದೆ ಒಂದೊಂದೇ ಹೆಜ್ಜೆ ಹಾಕಿತು. ಡಾಕ್ಟರು ಬಾಯಿ ತೆರೆದು ನೋಡುತ್ತಿದ್ದರು. ನಾನು ಓಡಿಹೋಗಿ ಕಂಡಕ್ಟರಣ್ಣನನ್ನು ತಡೆದು, ಡಾಕ್ಟರು ಹೇಳಿದ್ದಕ್ಕೆ ಅರ್ಥ ಬೇರೆ, ನರಳುವುದು ಬೇಡ ಎಂದು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡುವುದು, ಇನ್ನು ಏಳದ ಹಾಗೆ, ಎಂದು ಹೇಳಬೇಕಾಯಿತು. ನಾನು ಭಾಷಾಂತರ ಮಾಡಿದ ವಾಕ್ಯಗಳಲ್ಲಿ ಅದರಷ್ಟು ಕಷ್ಟದ್ದು ಬೇರೆ ಇಲ್ಲ.

ಕಂಡಕ್ಟರಣ್ಣ ಬಗ್ಗಿ ನಾಯಿಯನ್ನು ಮತ್ತೆ ಎತ್ತಿಕೊಂಡರು. ಡಾಕ್ಟರು ಹತ್ತಿರ ಬಂದು ಅದರ ತಲೆ ಸವರಿ, ಅದಕ್ಕೇ ನಡೆಯಲು ಮನಸ್ಸುಂಟು, ಔಷಧಿ ಕೊಟ್ಟು ನೋಡುವ ಎಂದರು. ನೋಡಿದರು. ನಾಯಿ ಆ ಮಳೆಗಾಲ ದಾಟಿತು, ಚಳಿಗಾಲವನ್ನೂ ಕಂಡಿತು. ಕೊನೆಗೆ ಒಂದು ಮಧ್ಯಾಹ್ನ ತನ್ನಷ್ಟಕ್ಕೇ, ಅಂಗಳದ ಬಿಸಿಲಿನಲ್ಲಿ ಮಲಗಿದ್ದಲ್ಲೇ ಹೋಯಿತು.

ಆದರೆ ಕ್ಲಿನಿಕ್ಕಿನಿಂದ ಬಂದ ಆ ದಿನ ಸಂಜೆ ಅವರ ಮನೆಗೆ ಹೋದಾಗ ಕಂಡಕ್ಟರಣ್ಣ ಇನ್ನೂ ನಾಯಿಯನ್ನು ಎದೆಗೆ ಅವಚಿಕೊಂಡೇ ಜಗಲಿಯಲ್ಲಿ ಕೂತಿದ್ದರು. ಹೆಂಡತಿ ಬಾಗಿಲಲ್ಲಿ ನಿಂತು ಗೋಗರೆಯುತ್ತಿದ್ದರು: “ಒಂದು ತುತ್ತು ಉಣ್ಲಿಕ್ಕಾದ್ರೂ ಅದನ್ನು ಕೆಳಗೆ ಇಡಿ ಮಾರಾಯ್ರೆ!”

“ಇಡುದಿಲ್ಲ” ಎಂದರು ಕಂಡಕ್ಟರಣ್ಣ. “ಕೆಳಗೆ ಇಟ್ರೆ ಇಂಗ್ಲಿಷಿನಲ್ಲಿ ಸಾಯ್ತದೆ.”

ಹೊರಗೆ ಹಾಕಿದ್ದು

ಇಷ್ಟೆಲ್ಲ ಆದ ಮೇಲೆ ನನಗೆ ಹಟ ಬಂತು. ತಪ್ಪು ಯಾರದ್ದೂ ಅಲ್ಲ, ಅಭ್ಯಾಸ ಸಾಲದು ಎಂದುಕೊಂಡು ಕ್ಲಾಸಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ತಂದೆ. ಬಾಗಿಲು ದಾಟಿ ಒಳಗೆ ಬಂದ ಮೇಲೆ ಇಂಗ್ಲಿಷ್ ಮಾತ್ರ. ತುಳುವಿಲ್ಲ, ಬ್ಯಾರಿಯಿಲ್ಲ, ಕೊಂಕಣಿಯಿಲ್ಲ, ಕನ್ನಡವೂ ಇಲ್ಲ. ಟೀಚರಿಗೂ ಇಲ್ಲ. ಪರಿಣಾಮ ಏನೆಂದರೆ ಕ್ಲಾಸು ಮೌನವಾಯಿತು. ನಾನು ಏನು ಹೇಳಿದರೂ ಎಲ್ಲರೂ “ಯೆಸ್ ಟೀಚರ್” ಎನ್ನುವುದು, ಯಾರೂ ಏನೂ ಮಾಡದಿರುವುದು. “ಓಪನ್ ದ ವಿಂಡೋ” ಎಂದರೆ “ಯೆಸ್ ಟೀಚರ್.” ಕಿಟಕಿ ಮುಚ್ಚಿಯೇ ಇರುತ್ತಿತ್ತು. ಗೋಡೆಗೆ ಪಾಠ ಮಾಡಿದ್ದರೆ ಗೋಡೆಯಾದರೂ ಪ್ರತಿಧ್ವನಿ ಕೊಡುತ್ತಿತ್ತು. ಕ್ಲಾಸು ಮುಚ್ಚಿ ಮನೆಯಲ್ಲಿ ಹಪ್ಪಳ ಮಾಡುವುದು ಒಳ್ಳೆಯದು ಎಂದು ಎಷ್ಟೋ ಸಲ ಅನ್ನಿಸಿತು.

ಮಂಗಳೂರಿನ ಸೊಳ್ಳೆಯ ವಿಷಯ ಹೇಳಬೇಕಾಗಿಲ್ಲ. ಸಂಜೆಯ ಕ್ಲಾಸಿಗೆ ಕಿಟಕಿಯ ಕೆಳಗೆ ಒಂದು ಸೊಳ್ಳೆಬತ್ತಿ ಹಚ್ಚಿ ಇಡುತ್ತಿದ್ದೆ. ಆ ದಿನ ಯಾರೋ ಪುಣ್ಯಾತ್ಮರು, ಬೇರೆ ದಿನಗಳಲ್ಲಿ ಎಷ್ಟು ಹೇಳಿದರೂ ತೆರೆಯದ ಕಿಟಕಿಯನ್ನು ತೆರೆದಿದ್ದರು. ಗಾಳಿಗೆ ಪರದೆ ಹಾರಿ ಹಾರಿ ಸೊಳ್ಳೆಬತ್ತಿಗೆ ತಾಗಿತು. ನಾನು ಬೋರ್ಡಿನಲ್ಲಿ ಬರೆಯುತ್ತಿದ್ದೆ. ಸುಟ್ಟ ವಾಸನೆ ಬಂದು ತಿರುಗಿ ನೋಡಿದರೆ ಪರದೆಯ ಕೆಳಗಿನ ಅಂಚು ಕೆಂಪಗಾಗಿದೆ, ಬೆಂಕಿ ಮೆಲ್ಲ ಮೆಲ್ಲ ಮೇಲೆ ಏರುತ್ತಿದೆ.

ಗಾಬರಿಯಲ್ಲಿ ಮನುಷ್ಯನ ಬಾಯಿಯಿಂದ ತಾಯಿಭಾಷೆ ಬರುತ್ತದೆ ಎನ್ನುತ್ತಾರೆ. ಸುಳ್ಳು. ನನ್ನ ಬಾಯಿಯಿಂದ ನಿಯಮ ಬಂತು.

“ಪುಟ್ ಇಟ್ ಔಟ್!” ಎಂದು ಕಿರುಚಿದೆ. “ಎವ್ರಿಬಡಿ! ಪುಟ್ ಇಟ್ ಔಟ್! ಕ್ವಿಕ್!”

ಬೆಂಕಿ ಆರಿಸಿ ಎಂದು ಹೇಳಿದ್ದು ನಾನು.

“ಯೆಸ್ ಟೀಚರ್!” ಎಂದು ಇಡೀ ಕ್ಲಾಸು ಎದ್ದು ನಿಂತಿತು. ಅವರೆಲ್ಲ ಒಟ್ಟಿಗೆ ಎದ್ದದ್ದು ಅದೇ ಮೊದಲು. ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಅರ್ಥ ಕೇಳಲಿಲ್ಲ. ಗಲ್ಫಿಗೆ ಹೊರಟಿದ್ದ ಡ್ರೈವರ್ ಒಂದು ಬೆಂಚಿನ ಈ ತುದಿ ಹಿಡಿದ, ಮೊಬೈಲ್ ಅಂಗಡಿಯವನು ಆ ತುದಿ ಹಿಡಿದ. ಬೆಂಚು ಹೊರಗೆ ಹೋಯಿತು. ಅದರ ಹಿಂದೆ ಇನ್ನೊಂದು ಬೆಂಚು. ಇಬ್ಬರು ಹುಡುಗಿಯರು ನನ್ನ ಮೇಜನ್ನು ಎತ್ತಿದರು. ಒಬ್ಬ ಕುರ್ಚಿ, ಒಬ್ಬ ಗಡಿಯಾರ, ಒಬ್ಬಳು ನನ್ನ ಹ್ಯಾಂಡ್‌ಬ್ಯಾಗು ಮತ್ತು ಕೊಡೆ.

“ನೋ! ನೋ! ಪುಟ್ ಇಟ್ ಔಟ್!” ಎಂದು ನಾನು ಇನ್ನೂ ಜೋರಾಗಿ ಕಿರುಚಿದೆ.

ಅವರು ಇನ್ನೂ ಜೋರಾಗಿ ಓಡಿದರು. ಗೋಡೆಯ ಕ್ಯಾಲೆಂಡರ್ ಹೋಯಿತು. ನಾನು ಬರೆಯುತ್ತಿದ್ದ ಬೋರ್ಡು ನನ್ನ ಕಣ್ಣೆದುರೇ ಮೊಳೆಯಿಂದ ಕಳಚಿ ಹೊರಟಿತು. ನೀರು! ಮೂಲೆಯಲ್ಲಿ ಕುಡಿಯುವ ನೀರಿನ ದೊಡ್ಡ ಕ್ಯಾನ್ ಇತ್ತಲ್ಲ ಎಂದು ನೆನಪಾಗಿ ಅತ್ತ ಹಾರಿದೆ. ಕ್ಯಾನ್ ಒಬ್ಬನ ಹೆಗಲೇರಿ ಮೆಟ್ಟಿಲು ಇಳಿಯುತ್ತಿತ್ತು.

ಖಾಲಿ ಕೋಣೆಯಲ್ಲಿ ಉಳಿದದ್ದು ನಾವಿಬ್ಬರೇ, ನಾನು ಮತ್ತು ಬೆಂಕಿ. ಪರದೆಯ ಅರ್ಧ ಹೋಗಿತ್ತು, ಕಿಟಕಿಯ ಮರದ ಚೌಕಟ್ಟು ಕಪ್ಪಾಗುತ್ತಿತ್ತು. ಕೆಳಗೆ ಪೂರ್ತಿ ಬಟ್ಟೆ ಅಂಗಡಿ! ಆ ಯೋಚನೆ ಬಂದ ಕೂಡಲೇ ನನ್ನ ನಿಯಮ ನನಗೇ ಮರೆತುಹೋಯಿತು. “ಹಾಜಿಯವರೇ! ಬೆಂಕಿ! ನೀರು ತನ್ನಿ!” ಎಂದು ಅಚ್ಚ ಕನ್ನಡದಲ್ಲಿ ಬೊಬ್ಬೆ ಹೊಡೆದೆ.

ಮೆಟ್ಟಿಲಲ್ಲಿ ನಮ್ಮ ಬೆಂಚುಗಳು ಅಡ್ಡ ಬಿದ್ದಿದ್ದವು. ಅವುಗಳನ್ನು ಹಾರಿ, ಎರಡು ಕೈಯಲ್ಲಿ ಎರಡು ಬಾಲ್ದಿ ಹಿಡಿದು ಹಾಜಿಯವರು ಬಂದರು. ಒಂದು ಬಾಲ್ದಿ ಪರದೆಗೆ, ಒಂದು ಕಿಟಕಿಗೆ. ಚುಯ್ಯೆಂದು ಬೆಂಕಿ ಆರಿತು. ಕೋಣೆ ತುಂಬ ಹೊಗೆ. ಯಾರಿಗೂ ಏನೂ ಆಗಿರಲಿಲ್ಲ. ನಾನು ಕೂತುಕೊಳ್ಳೋಣವೆಂದರೆ ಕುರ್ಚಿ ಇರಲಿಲ್ಲ. ನೆಲದ ಮೇಲೆ, ಆ ಒದ್ದೆಯಲ್ಲೇ ಕೂತೆ.

ಹಾಜಿಯವರು ಸುತ್ತ ನೋಡಿದರು. ಬೆಂಚಿಲ್ಲ, ಮೇಜಿಲ್ಲ, ಬೋರ್ಡಿಲ್ಲ. “ಅಲ್ಲಾ, ಇಷ್ಟು ಬೇಗ ಎಲ್ಲ ಸುಟ್ಟು ಹೋಯ್ತಾ ಟೀಚರೇ!” ಎಂದು ಎದೆಯ ಮೇಲೆ ಕೈ ಇಟ್ಟರು.

ಅಷ್ಟರಲ್ಲಿ ವಿದ್ಯಾರ್ಥಿಗಳೆಲ್ಲ ಬಾಗಿಲ ಹತ್ತಿರ ಬಂದು ಸಾಲಾಗಿ ನಿಂತರು. ಬೆವರು ಇಳಿಯುತ್ತಿತ್ತು, ಏದುಸಿರು ಬಿಡುತ್ತಿದ್ದರು. ಒಂದು ಪೆನ್ಸಿಲು ಕೂಡ ಒಳಗೆ ಬಿಟ್ಟಿರಲಿಲ್ಲ. ಟೀಚರ್ ಹೇಳಿದ್ದು ಮೊದಲ ಸಲ ಪೂರ್ತಿ ಅರ್ಥವಾಗಿ, ಪೂರ್ತಿ ಮಾಡಿ ಮುಗಿಸಿದ ಸಂತೋಷ ಎಲ್ಲರ ಮುಖದಲ್ಲಿ. ಆದರೆ ಡ್ರೈವರನ ಮುಖ ಮಾತ್ರ ಸಣ್ಣದಾಗಿತ್ತು. ಅವನು ಒಳಗೆ ಬಂದು ಸುಟ್ಟ ಕಿಟಕಿಯನ್ನು ನೋಡಿದ, ನನ್ನನ್ನು ನೋಡಿದ. ಬಾಗಿಲು ದಾಟಿ ಒಳಗೆ ಬಂದದ್ದರಿಂದ ನಿಯಮ ಮುರಿಯದೆ, ಕೈ ಕಟ್ಟಿ, ಇಂಗ್ಲಿಷಿನಲ್ಲೇ ಹೇಳಿದ:

“ಸಾರಿ ಟೀಚರ್. ಎವ್ರಿಥಿಂಗ್ ವೀ ಪುಟ್ ಔಟ್. ಓನ್ಲಿ ಫೈರ್ ನಾಟ್ ಕಮಿಂಗ್.”